ಕಂಪ್ಯೂಟರ್ ಬಿಸಿಯಾಗುತ್ತಿದೆಯೇ? ಫ್ಯಾನಿನ ಕೆಳಗೆ ನೋಡಿ

ಡೆಸ್ಕ್‌ಟಾಪ್ ಗೊರಗೊರ ಸದ್ದು ಮಾಡುತ್ತಾ ತಾನಾಗಿಯೇ ಆಫ್ ಆಗುತ್ತಿದ್ದರೆ, ಹೊಸ ಕೂಲರ್‌ಗೆ ದುಡ್ಡು ಸುರಿಯುವ ಮುನ್ನ ಧೂಳು ತೆಗೆಯಿರಿ. ವೈರು ಕಿತ್ತ ಮೇಲೆ ಪವರ್ ಬಟನ್ ಅನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ.

ರೆಕ್ಕೆ ಒರೆಸಿದರಷ್ಟೇ ಸಾಲದು. ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿದರೆ, ಬಿಸಿ ಹೀರುವ ಲೋಹದ ಪಟ್ಟಿಗಳ ಗುಚ್ಛವಾದ ಹೀಟ್‌ಸಿಂಕಿನ ಸಂದುಗಳ ಮೇಲೆ ಧೂಳು ಕಂಬಳಿಯಂತೆ ಹೊದ್ದು ಕುಳಿತಿರುತ್ತದೆ. ಗಾಳಿಯನ್ನು ತಡೆಯುವ ಕಳ್ಳ ಅದೇ. ಒಣ ಪೇಂಟ್ ಬ್ರಷ್ಷಿನಿಂದ ಬಿಡಿಸಿ, ಬ್ಲೋವರ್ ಹಿಡಿಯಿರಿ. ಊದುವಾಗ ರೆಕ್ಕೆಯನ್ನು ಬೆರಳಿನಿಂದ ತಡೆದಿರಿ. ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡಬಹುದು. ಪವರ್ ಸಪ್ಲೈ ಡಬ್ಬಿಯನ್ನು ಹೊರಗಿನಿಂದಲೇ ಊದಿ. ಅದನ್ನು ಬಿಚ್ಚುವ ಸಾಹಸ ಖಂಡಿತ ಬೇಡ, ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಹೀಟ್‌ಸಿಂಕನ್ನೇ ತೆಗೆಯುವುದಾದರೆ ಮೊದಲು ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ, ಅದಕ್ಕೂ ಪ್ರೊಸೆಸರಿಗೂ ನಡುವೆ ಬಿಸಿ ದಾಟಿಸಲು ಹಚ್ಚಿರುವ ಪೇಸ್ಟ್ ಮೆತ್ತಗಾದ ಮೇಲೆ ಆಫ್ ಮಾಡಿ, ಮೆಲ್ಲಗೆ ತಿರುಚಿ ಎತ್ತಿ. ಎಎಂಡಿ ಕಂಪನಿಯ ಪ್ರೊಸೆಸರ್ ಕೂರಿಸುವ ಎಎಂ4 ಬಗೆಯ ಮದರ್‌ಬೋರ್ಡುಗಳಲ್ಲಿ ನೇರವಾಗಿ ಎಳೆದರೆ ಪ್ರೊಸೆಸರೇ ಕಿತ್ತು ಬರುವುದುಂಟು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಹೊಸದು ಬಟಾಣಿ ಕಾಳಿನಷ್ಟಿದ್ದರೆ ಸಾಕು. ಧಾರಾಳವಾಗಿ ಮೆತ್ತಿದರೆ ತಂಪು ಹೆಚ್ಚುವುದಿಲ್ಲ, ಕೊಳೆ ಹೆಚ್ಚುತ್ತದೆ.

ಕ್ಯಾಬಿನೆಟ್ಟಿನ ಮುಂದಿನ ಫ್ಯಾನ್ ಗಾಳಿಯನ್ನು ಒಳಗೆಳೆಯಬೇಕು, ಹಿಂದಿನದು ಹೊರಗೆ ತಳ್ಳಬೇಕು. ಮೇಜಿನ ಮುಚ್ಚಿದ ಗೂಡಿನಲ್ಲಿ ಮಾತ್ರ ಇಡಬೇಡಿ. ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ.