ಡಿಸೆಂಬರ್ ಟಗರಿಗೆ ಜುಲೈಯಿಂದಲೇ ತಯಾರಿ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಮರುಭೂಮಿಯ ಬಿಗ್‌ಹಾರ್ನ್ ಅನ್ನುವ ಸುರುಳಿ ಕೊಂಬಿನ ಕಾಡುಕುರಿಯ ಟಗರನ್ನು ಹೊಡೆಯಲು ಒಬ್ಬರಿಗೆ ಜೀವಮಾನಕ್ಕೆ ಒಂದೇ ಅವಕಾಶ. ಅದೂ ಲಾಟರಿಯಲ್ಲಿ ಸಿಗಬೇಕು. ಪ್ರತಿ ವರ್ಷ ಜೂನ್‌ನಲ್ಲಿ ಅರ್ಜಿ ಹಾಕಬೇಕು. ಟ್ಯಾಗ್, ಅಂದರೆ ಒಂದು ಟಗರು ಹೊಡೆಯುವ ಪರವಾನಗಿ, ಸಿಗದಿದ್ದರೆ ಒಂದು ಬೋನಸ್ ಪಾಯಿಂಟ್ ಸೇರುತ್ತದೆ. ಪಾಯಿಂಟ್ ಜಾಸ್ತಿಯಾದಷ್ಟೂ ನಿಮ್ಮ ಹೆಸರಿನ ಚೀಟಿ ಜಾಸ್ತಿ. ಶೇ 20ರಷ್ಟು ಟ್ಯಾಗ್‌ಗಳನ್ನು ಅತಿ ಹೆಚ್ಚು ಪಾಯಿಂಟ್ ಇರುವವರಿಗೇ ಇಡುತ್ತಾರೆ. ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿದರೆ ಒಂದು ಕಾಯಂ ಪಾಯಿಂಟ್, ಸತತ ಐದು ವರ್ಷ ತಪ್ಪದೆ ಅರ್ಜಿ ಹಾಕಿದರೆ ಇನ್ನೊಂದು. ಎರಡನ್ನೂ ಮಾಡಿಕೊಂಡು ಕಾಯುತ್ತಾ ಇದ್ದೆ. ಕೊನೆಗೊಂದು ಜುಲೈಯಲ್ಲಿ ಕೋಫಾ ಬೆಟ್ಟಗಳ ಟ್ಯಾಗ್ ಬಂತು.

ನನ್ನದು ಕೊಡಗು. ಕೋವಿ ಹೊಸದಲ್ಲ. ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದವನು. ಆದರೆ ಬೇಟೆ ಅನ್ನುವುದು ನಮಗೆ ಅಜ್ಜಂದಿರ ಕತೆ ಮಾತ್ರ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಮುಗಿದ ವಿಷಯ. ಹಾಗಾಗಿ ಊರಿನವರಿಗೆ ಇದನ್ನು ಹೇಳಿದರೆ ಮೊದಲು ಬರುವ ಪ್ರಶ್ನೆ, ‘ಕಾಡುಪ್ರಾಣಿ ಹೊಡೆಯೋಕೆ ಸರ್ಕಾರವೇ ಚೀಟಿ ಕೊಡುತ್ತಾ?’ ಕೊಡುತ್ತದೆ, ಆದರೆ ಎಣಿಸಿ ಕೊಡುತ್ತದೆ. ಹೆಲಿಕಾಪ್ಟರ್‌ನಲ್ಲಿ ಹಾರಿ ಕುರಿಗಳನ್ನು ಲೆಕ್ಕ ಹಾಕಿ, ಗಂಡುಗಳಲ್ಲಿ ಸ್ವಲ್ಪಕ್ಕೆ ಮಾತ್ರ ಟ್ಯಾಗ್. ಅಮೆರಿಕದಲ್ಲಿ ಕೋವಿ, ತೋಟಾಗಳ ಮೇಲಿನ ವಿಶೇಷ ತೆರಿಗೆ 1937ರಿಂದ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ. ಕೋಫಾ ಕೂಡ 1939ರಲ್ಲಿ ಈ ಕುರಿಗಳಿಗೆಂದೇ ಮೀಸಲಾದ ಜಾಗ. ಅದಕ್ಕಾಗಿ ಹಟ ಹಿಡಿದು ಪ್ರಚಾರ ಮಾಡಿದವರು ಅರಿಜೋನಾದ ಬಾಯ್ ಸ್ಕೌಟ್ ಹುಡುಗರು. ನಮ್ಮ ನೆಂಟರಲ್ಲಿ ಕೆಲವರಿಗೆ ಇದೆಲ್ಲ ಒಪ್ಪಿಗೆಯಾಗಿಲ್ಲ. ಅದಕ್ಕೆ ನಾನು ವಾದ ಮಾಡಲು ಹೋಗುವುದಿಲ್ಲ.

ಬೇಟೆಯ ಕಾಲ ಡಿಸೆಂಬರ್. ಆದರೆ ಟಗರು ನೋಡಲು ಸುಲಭವಾದ ಕಾಲ ಸುಡು ಬೇಸಿಗೆ. ಬೆದೆಯ ಸಮಯವೂ ಅದೇ, ನೀರು ಇರುವುದೂ ಕೆಲವೇ ಕಡೆ. ಬಂಡೆಯ ಕುಳಿಗಳಲ್ಲಿ ನಿಂತ ಮಳೆನೀರು, ಇಲ್ಲವೇ ಸ್ವಯಂಸೇವಕರು ಕಟ್ಟಿದ ತೊಟ್ಟಿಗಳು. ಆಗಸ್ಟ್‌ನಲ್ಲಿ ಅಲ್ಲಿ 43 ಡಿಗ್ರಿ ದಾಟುತ್ತದೆ. ನಾನು ಕತ್ತಲಲ್ಲೇ ಹೋಗಿ, ದೂರದ ದಿಬ್ಬದ ಮೇಲೆ ಕೂತು, ಹತ್ತು ಗಂಟೆಯೊಳಗೆ ಗಾಡಿಗೆ ವಾಪಸ್ ಬರುತ್ತಿದ್ದೆ. ಮರಕ್ಕೊಂದು ಕ್ಯಾಮೆರಾ ಕಟ್ಟಿ ಬಂದರೆ ಆಗಲ್ವಾ ಅಂತ ಗೆಳೆಯನೊಬ್ಬ ಕೇಳಿದ. ಆಗಲ್ಲ. ಪ್ರಾಣಿ ಸುಳಿದಾಗ ತಾನಾಗಿ ಫೋಟೋ ತೆಗೆಯುವ ಇಂಥ ಟ್ರೇಲ್ ಕ್ಯಾಮೆರಾವನ್ನು ಬೇಟೆಗೆ ಬಳಸುವುದನ್ನು ಅರಿಜೋನಾ 2022ರಿಂದ ನಿಷೇಧಿಸಿದೆ. ನನಗಂತೂ ಅದು ಸರಿ ಅನ್ನಿಸಿತು. ಒಂದೇ ತೊಟ್ಟಿಯ ಸುತ್ತ ಹತ್ತಾರು ಕ್ಯಾಮೆರಾ, ಅದನ್ನು ನೋಡಲು ಬರುವ ಜನ, ನಡುವೆ ಬಾಯಾರಿದ ಕುರಿ ಎಲ್ಲಿಗೆ ಹೋಗಬೇಕು? ನೀರಿನ ಕಾಲು ಮೈಲಿಯೊಳಗೆ ಡೇರೆ ಹಾಕುವ ಹಾಗಿಲ್ಲ ಅನ್ನುವ ಕಾನೂನೂ ಇದೇ ಕಾರಣಕ್ಕೆ.

ಬೇಸಿಗೆಯಲ್ಲಿ ನೋಡಿದ ಟಗರು ಡಿಸೆಂಬರ್‌ನಲ್ಲಿ ಅಲ್ಲೇ ಇರುತ್ತದೆ ಅಂತೇನಿಲ್ಲ. ಮಳೆ ಬಿದ್ದರೆ ಎಲ್ಲ ಚದುರುತ್ತವೆ. ಗಂಡುಗಳು ಹೆಣ್ಣುಗಳನ್ನು ಬಿಟ್ಟು ತಮ್ಮದೇ ಗುಂಪು ಕಟ್ಟಿಕೊಂಡು ತಿರುಗುತ್ತವೆ. ಹಾಗಾದರೆ ಬೇಸಿಗೆಯ ಓಡಾಟದಿಂದ ಸಿಕ್ಕಿದ್ದೇನು? ಕಣ್ಣಿಗೆ ಅಭ್ಯಾಸ. ನನ್ನ ಪ್ರಕಾರ ಈ ಇಡೀ ತಯಾರಿಯಲ್ಲಿ ಮುಕ್ಕಾಲು ಪಾಲು ಅದೇ.

ಯಾಕೆಂದರೆ ಕಾನೂನಿನ ಪ್ರಕಾರ ಯಾವ ಟಗರನ್ನಾದರೂ ಹೊಡೆಯಬಹುದು. ಮುದಿ ಟಗರೇ ಬೇಕು ಅನ್ನುವುದು ಬೇಟೆಗಾರನೇ ಹಾಕಿಕೊಳ್ಳುವ ನಿಯಮ. ಎಂಟು ವರ್ಷ ದಾಟಿದ್ದು ಸಿಕ್ಕರೆ ಮಾತ್ರ ಅಂತ ನಾನು ಮೊದಲೇ ತೀರ್ಮಾನ ಮಾಡಿದ್ದೆ. ಈಗ ಅರ್ಧ ಮೈಲಿ ದೂರದಿಂದ ವಯಸ್ಸು ಹೇಳುವುದು ಹೇಗೆ?

ಕೊಂಬಿನ ಮೇಲೆ ವರ್ಷಕ್ಕೊಂದು ಉಂಗುರ ಮೂಡುತ್ತದೆ. ಎಳೆ ವಯಸ್ಸಿನಲ್ಲಿ ಕೊಂಬು ಬೇಗ ಬೆಳೆಯುವುದರಿಂದ ಉಂಗುರಗಳ ನಡುವೆ ಅಂತರ ಜಾಸ್ತಿ. ವಯಸ್ಸಾದಂತೆ ಬುಡದ ಹತ್ತಿರ ಒತ್ತೊತ್ತಾಗಿ ಬರುತ್ತವೆ. ಬರೀ ಸುರುಳಿ ಉದ್ದ ಇದೆ ಅಂತ ನಂಬಬಾರದು. ಐದಾರು ವರ್ಷದ ಟಗರಿಗೂ ಚೆಂದದ ಸುರುಳಿ ಇರುತ್ತದೆ, ಆದರೆ ತುದಿ ಸಪೂರವಾಗಿ ಚೂಪಾಗಿರುತ್ತದೆ. ಮುದಿಯದರ ತುದಿ ಬಂಡೆಗೆ ಉಜ್ಜಿ, ಕಾದಾಡಿ, ಮುರಿದು ಮೊಂಡಾಗಿರುತ್ತದೆ. ಬುಡದ ದಪ್ಪ ಅರ್ಧ ಸುರುಳಿಯವರೆಗೂ ಇಳಿಯದೆ ಹಾಗೇ ಬಂದಿರುತ್ತದೆ. ಪಕ್ಕದಿಂದ ನೋಡಿದಾಗ ಸುರುಳಿಯ ತಳ ದವಡೆಗಿಂತ ಕೆಳಗಿರಬೇಕು. ಮೈಯನ್ನೂ ನೋಡಬೇಕು. ಜೋತ ಹೊಟ್ಟೆ, ತಗ್ಗಿದ ಬೆನ್ನು, ಉಬ್ಬಿದ ಮೂಗು. ಇನ್ನೊಂದು ಎಚ್ಚರಿಕೆ: ಹೆಣ್ಣಿಗೂ ಕೊಂಬಿದೆ. ಎಳೆ ಟಗರಿಗೂ ಹೆಣ್ಣಿಗೂ ದೂರದಿಂದ ಥಟ್ಟನೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇದನ್ನು ಕಲಿತದ್ದು ಎರಡು ಕಡೆ. 1967ರಲ್ಲಿ ಶುರುವಾದ ಅರಿಜೋನಾ ಡೆಸರ್ಟ್ ಬಿಗ್‌ಹಾರ್ನ್ ಶೀಪ್ ಸೊಸೈಟಿಯವರು ಟ್ಯಾಗ್ ಸಿಕ್ಕವರಿಗಾಗಿ ತರಬೇತಿ ನಡೆಸುತ್ತಾರೆ. ಅಲ್ಲಿ ಹಳೆಯ ಬೇಟೆಗಾರರ ಜೊತೆ ಕೂತು ಕೊಂಬುಗಳನ್ನು ಕೈಯಲ್ಲಿ ಹಿಡಿದು ಉಂಗುರ ಎಣಿಸಿದೆ. ಎರಡನೆಯದು ಟೂಸಾನ್‌ನ ಅರಿಜೋನಾ-ಸೊನೋರಾ ಡೆಸರ್ಟ್ ಮ್ಯೂಸಿಯಂ. ಮಕ್ಕಳಿಗೆ ಪಿಕ್‌ನಿಕ್, ನನಗೆ ಪಾಠ. ಜೀವಂತ ಬಿಗ್‌ಹಾರ್ನ್‌ಗಳನ್ನು ಅಲ್ಲಿ ಹತ್ತಿರದಿಂದ ಗಂಟೆಗಟ್ಟಲೆ ನೋಡಬಹುದು. ತಲೆ ಸ್ವಲ್ಪ ತಿರುಗಿದರೂ ಕೊಂಬು ಎಷ್ಟು ದೊಡ್ಡದಾಗಿ, ಎಷ್ಟು ಚಿಕ್ಕದಾಗಿ ಕಾಣುತ್ತದೆ ಅನ್ನುವುದು ಫೋಟೋದಲ್ಲಿ ಗೊತ್ತಾಗುವುದಿಲ್ಲ.

ದುರ್ಬೀನಿಗೆ ದುಡ್ಡು ಹಾಕಿ, ಕೋವಿಗೆ ಬೇಡ. ಕುತ್ತಿಗೆಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ 10x42, ಟ್ರೈಪಾಡ್ ಮೇಲೆ ಹದಿನೈದು ಪಟ್ಟಿನ 15x56. ಟ್ರೈಪಾಡ್ ಇಲ್ಲದ ದೊಡ್ಡ ದುರ್ಬೀನು ದಂಡ, ಕೈ ನಡುಗಿದರೆ ಏನೂ ಕಾಣಲ್ಲ. ಕುರಿಯ ಬಣ್ಣ ಬಂಡೆಯದೇ ಬಣ್ಣ. ಮೊದಲು ಕಾಣುವುದು ಹಿಂಭಾಗದ ಬಿಳಿ ಮಚ್ಚೆ. ಸೂರ್ಯ ನನ್ನ ಬೆನ್ನಿಗಿರುವಂತೆ ಕೂತು, ಎದುರಿನ ಬೆಟ್ಟವನ್ನು ಪಟ್ಟಿ ಪಟ್ಟಿಯಾಗಿ ನೋಡಿ, ಮತ್ತೆ ಮೊದಲಿಂದ ನೋಡುತ್ತಿದ್ದೆ. ಖಾಲಿ ಅಂದುಕೊಂಡ ಇಳಿಜಾರಿನಲ್ಲಿ ಮಲಗಿದ್ದ ಟಗರು ಎದ್ದು ನಿಂತಾಗ ಮಾತ್ರ ಕಾಣುತ್ತದೆ. ವಯಸ್ಸು ನೋಡಲು ಸ್ಪಾಟಿಂಗ್ ಸ್ಕೋಪ್, ಅಂದರೆ ಒಂದೇ ಕಣ್ಣಿನಿಂದ ನೋಡುವ ಇನ್ನೂ ಬಲವಾದ ದೂರದರ್ಶಕ, ಬೇಕೇ ಬೇಕು. ಆದರೆ ಬಿಸಿಲೇರಿದ ಮೇಲೆ ಗಾಳಿ ಅಲೆಯಾಡಿ ಅದರಲ್ಲಿ ಎಲ್ಲವೂ ಕಲಸಿಹೋಗುತ್ತದೆ. ಉಂಗುರ ಎಣಿಸುವ ಕೆಲಸ ಬೆಳಗ್ಗೆಯೇ ಆಗಬೇಕು.

ನಡಿಗೆಯ ಅಭ್ಯಾಸಕ್ಕೆ ಫೀನಿಕ್ಸ್‌ನ ಸೌತ್ ಮೌಂಟನ್ ಬೆಟ್ಟವೇ ಸಾಕಾಯಿತು. ಚೀಲದಲ್ಲಿ ನೀರು ತುಂಬಿದ ಗ್ಯಾಲನ್ ಕ್ಯಾನ್‌ಗಳು, ಒಂದೊಂದು 3.8 ಕಿಲೋ. ತುದಿಯಲ್ಲಿ ನೀರು ಚೆಲ್ಲಿ ಬರಿಗೈಯಲ್ಲಿ ಇಳಿಯಿರಿ, ಮಂಡಿಗೆ ಒಳ್ಳೆಯದು ಅನ್ನುತ್ತಾರೆ. ನಾನು ಚೆಲ್ಲಲಿಲ್ಲ. ಈ ಬೇಟೆಯಲ್ಲಿ ನಿಜವಾದ ಭಾರ ಬರುವುದೇ ಇಳಿಯುವಾಗ, ಮಾಂಸ ಮತ್ತು ತಲೆ ಹೊತ್ತು. ಕೋಫಾದ ಸಿಗ್ನಲ್ ಪೀಕ್ ಎತ್ತರ 4,877 ಅಡಿ ಅಷ್ಟೆ. ಎತ್ತರ ಅಲ್ಲ, ಕಾಲಡಿಯ ಸಡಿಲ ಕಲ್ಲು ಸುಸ್ತು ಮಾಡುತ್ತದೆ.

ಗುಂಡು ಹೊಡೆಯುವ ಅಭ್ಯಾಸದ ಬಗ್ಗೆ ಒಂದೇ ಮಾತು. ರೇಂಜಿನ ಮೇಜಿನ ಮೇಲೆ ಹೊಡೆದದ್ದು ಇಲ್ಲಿ ಲೆಕ್ಕಕ್ಕೆ ಬರಲ್ಲ. ಚೀಲಕ್ಕೆ ಆನಿಸಿ, ಕೂತು, ಕಡಿದಾದ ಇಳಿಜಾರಿನಲ್ಲಿ ಹೊಡೆದು ನೋಡಬೇಕು. 30 ಡಿಗ್ರಿ ಕೋನದಲ್ಲಿ 300 ಗಜ ದೂರ ಇದ್ದರೆ ಗುಂಡಿನ ಇಳಿತಕ್ಕೆ 260 ಗಜದ ಲೆಕ್ಕ ಹಿಡಿಯಬೇಕು. 300 ಗಜಕ್ಕಿಂತ ದೂರ ನಾನು ಹೊಡೆಯುವುದಿಲ್ಲ ಅಂತ ಗೆರೆ ಹಾಕಿಕೊಂಡೆ.

ಉಳಿದ ಸಾಮಾನು ಎಲ್ಲರಿಗೂ ಗೊತ್ತಿರುವುದೇ. ಒಂದು ಮಾತ್ರ ಮರೆಯಬೇಡಿ, ಉದ್ದ ಹಲ್ಲಿನ ಬಾಚಣಿಗೆ. ಚೋಯಾ ಕಳ್ಳಿಯ ತುಂಡು ಪ್ಯಾಂಟಿಗೆ ಕಚ್ಚಿಕೊಂಡರೆ ಕೈಯಿಂದ ಕೀಳಬೇಡಿ. ಅದು ಕೈಗೂ ಹತ್ತಿಕೊಳ್ಳುತ್ತದೆ. ಬಾಚಣಿಗೆ ತೂರಿಸಿ ಒಂದೇ ಸಲ ಎಗರಿಸಬೇಕು. ಕೋಫಾದಲ್ಲಿ ಕಬ್ಬಿಣದ ವಿಚಿತ್ರ ವಸ್ತು ಏನಾದರೂ ಕಂಡರೆ ಮುಟ್ಟಲೇಬೇಡಿ. ಎರಡನೇ ಮಹಾಯುದ್ಧದ ಕಾಲದ ಸೇನಾ ತರಬೇತಿಯ ಸಿಡಿಯದ ಮದ್ದುಗುಂಡು ಈಗಲೂ ಅಲ್ಲಿದೆ.

ಮಾಂಸ ಹಾಳು ಮಾಡುವುದು ಇಲ್ಲಿ ಅಪರಾಧ. ಡಿಸೆಂಬರ್ ಮಧ್ಯಾಹ್ನವೂ ಬಿಸಿಲು ಚುರುಕಾಗಿರುವುದರಿಂದ ಬೆಟ್ಟದಲ್ಲೇ ಮೂಳೆ ಬಿಡಿಸಿ, ಬಟ್ಟೆಚೀಲದಲ್ಲಿ ನೆರಳಿಗೆ ತೂಗುಹಾಕಬೇಕು. ಮೂಳೆ ಬಿಡಿಸುವುದನ್ನು ಅಂಗಡಿಯಿಂದ ತಂದ ಇಡೀ ಕುರಿಯ ತೊಡೆಯ ಮೇಲೆ ಮನೆಯಲ್ಲೇ ಕಲಿತೆ. ಕರಿಮೆಣಸು, ಕಾಚಂಪುಳಿ ಹಾಕಿ ಬೇಯಿಸಿದ್ದರಿಂದ ಅಭ್ಯಾಸಕ್ಕೆ ಮನೆಯಲ್ಲಿ ಯಾರೂ ತಕರಾರು ಮಾಡಲಿಲ್ಲ. ಗಾಡಿಯಲ್ಲಿ ಎರಡು ದೊಡ್ಡ ಐಸ್ ಪೆಟ್ಟಿಗೆ ಇರಲಿ. ತಲೆಬುರುಡೆಯನ್ನು ಕೊಂಬಿನ ಸಮೇತ ಬೇಟೆ ಇಲಾಖೆಗೆ ತೋರಿಸಬೇಕು. ಅವರು ಅಳತೆ ತೆಗೆದು, ವಯಸ್ಸು ಬರೆದುಕೊಂಡು, ಕೊಂಬಿಗೆ ತೂತು ಕೊರೆದು ನಂಬರಿನ ಬಿರಡೆ ಕೂರಿಸುತ್ತಾರೆ. ಅದಕ್ಕೆ ಗಡುವು ಇದೆ. ರಜೆ ಹಾಕುವಾಗ ಆ ದಿನವನ್ನೂ ಸೇರಿಸಿಕೊಳ್ಳಿ.