ರಬ್ಬರ್ ಬ್ಯಾಗಿನಲ್ಲೇ ಇರಲಿ: ಮಕ್ಕಳಿಗೆ ಅಳತೆ ಕಲಿಸಿದ ನನ್ನ ಅನುಭವ

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಮೂವತ್ತೊಂದು ಮಕ್ಕಳ ನೋಟ್‌ಬುಕ್ ತಿದ್ದುತ್ತಾ ಕೂತಿದ್ದೆ. ಕ್ಲಾಸಿನ ಮುಂದಿನ ಬೆಂಚಿನ ಉದ್ದ ಅಳೆದು ಬರೆಯಿರಿ ಎಂದು ಹೇಳಿದ್ದೆ. ಮೂವತ್ತೊಂದರಲ್ಲೂ 121 ಸೆಂಟಿಮೀಟರ್ ಎಂದೇ ಇತ್ತು. ಸುಮಾರು ಪುಟಗಳಲ್ಲಿ ಮೊದಲು ಬೇರೆ ಏನೋ ಬರೆದು ರಬ್ಬರಿನಿಂದ ಉಜ್ಜಿದ ಗುರುತು ಕಾಣುತ್ತಿತ್ತು. ಬೆಳಕಿಗೆ ಹಿಡಿದು ನೋಡಿದೆ. 118, 119, 118 ಎಂದೆಲ್ಲ ಇತ್ತು. ಮರುದಿನ ಬೆಳಿಗ್ಗೆ ನಾನೇ ಟೇಪು ಹಿಡಿದು ಅಳೆದೆ. 118.4 ಬಂತು. 121 ಬರೆದವನು ಓದಿನಲ್ಲಿ ಕ್ಲಾಸಿಗೇ ಮೊದಲು ಬರುವ ಹುಡುಗ. ಉಳಿದವರು ತಾವು ಸರಿಯಾಗಿ ಅಳೆದದ್ದನ್ನು ಅಳಿಸಿ ಅವನದನ್ನು ಬರೆದುಕೊಂಡಿದ್ದರು.

ಮಕ್ಕಳಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ವಿಜ್ಞಾನದ ಪೀರಿಯಡ್ಡಿನಲ್ಲಿ ಅಲ್ಲಿಯವರೆಗೆ ನಾನು ಕೇಳುತ್ತಿದ್ದದ್ದೇ 'ಸರಿ ಉತ್ತರ ಯಾವುದು?' ಅಂತ. ಸಮಸ್ಯೆ, ಊಹೆ, ಪ್ರಯೋಗ, ವೀಕ್ಷಣೆ, ತೀರ್ಮಾನ ಎಂದು ವೈಜ್ಞಾನಿಕ ವಿಧಾನದ ಹಂತಗಳನ್ನು ಬೋರ್ಡಿನ ಮೇಲೆ ಬರೆಸಿ ಬಾಯಿಪಾಠ ಮಾಡಿಸಿದ್ದೆ. ಮಕ್ಕಳು ಪಟಪಟ ಹೇಳುತ್ತಿದ್ದರು. ಆದರೆ ತಮ್ಮ ಕಣ್ಣು ನೋಡಿದ್ದನ್ನು ನಂಬುವ ಧೈರ್ಯ ಅವರಿಗೆ ಬಂದಿರಲಿಲ್ಲ.

ನಮ್ಮದು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಆರು ಮತ್ತು ಏಳನೇ ತರಗತಿಗೆ ವಿಜ್ಞಾನ ನನ್ನದೇ. ಅದರ ಮುಂದಿನ ವರ್ಷದಿಂದ ಅಳತೆಯ ಪಾಠಕ್ಕೆ ಎರಡು ನಿಯಮ ಮಾಡಿದೆ. ಅಳೆಯುವ ಮೊದಲು ಊಹೆಯನ್ನು ಪೆನ್ನಿನಲ್ಲಿ ಬರೆಯಬೇಕು. ಅಳೆಯುವಾಗ ರಬ್ಬರ್ ಬ್ಯಾಗಿನಲ್ಲೇ ಇರಬೇಕು. ತಪ್ಪು ಅನ್ನಿಸಿದರೆ ಮೇಲೆ ಒಂದು ಗೆರೆ ಎಳೆದು, ಯಾಕೆ ತಪ್ಪು ಅನ್ನಿಸಿತು ಅಂತ ಪಕ್ಕದಲ್ಲಿ ಬರೆಯಬೇಕು. ಅಷ್ಟೇ. ಈ ಎರಡು ನಿಯಮ ಮಕ್ಕಳಿಗೆ ರೂಢಿಯಾಗಲು ನಮಗೆ ಪೂರ್ತಿ ಒಂದು ತಿಂಗಳು ಹಿಡಿಯಿತು.

ಸ್ಕೇಲನ್ನು ಮೊದಲ ದಿನವೇ ಕೈಗೆ ಕೊಡಲಿಲ್ಲ. ಮೊಳದಿಂದ ಶುರು ಮಾಡಿದೆ. ಸಂತೆಯಲ್ಲಿ ಹೂವು ಈಗಲೂ ಮೊಳದ ಲೆಕ್ಕದಲ್ಲೇ ಅಲ್ವಾ? ಮೊಣಕೈಯಿಂದ ನಡುಬೆರಳ ತುದಿಯವರೆಗೆ ದಾರ ಹಿಡಿದು ಎಲ್ಲರೂ ತಮ್ಮ ತಮ್ಮ ಮೊಳ ಕತ್ತರಿಸಿ ಗೋಡೆಗೆ ಸಾಲಾಗಿ ಅಂಟಿಸಿದರು. ಆಮೇಲೆ ಅಳೆದು ನೋಡಿದರೆ ಮಕ್ಕಳದು 34ರಿಂದ 41 ಸೆಂಟಿಮೀಟರ್. ನನ್ನದು 43. ಹೆಡ್‌ಮಾಸ್ಟರದು 48. ಒಬ್ಬಳು ಕೇಳಿದಳು, "ಮಿಸ್, ಹಾಗಾದ್ರೆ ಉದ್ದ ಕೈ ಇರೋರ ಹತ್ರಾನೇ ಹೂ ತಗೋಬೇಕಾ?" ಹೂ ಮಾರುವವರ ಮನೆಯ ಹುಡುಗಿ ತಕ್ಷಣ ಎದ್ದು ನಿಂತಳು. "ನಮ್ಮಮ್ಮ ಮೊಳ ಹಾಕಿದ ಮೇಲೆ ಕೊಸರು ಕೊಡ್ತಾರೆ ಮಿಸ್, ಯಾರಿಗೂ ಕಡಿಮೆ ಕೊಡಲ್ಲ." ಅವಳು ಹೇಳಿದ್ದು ಸರಿ. ಎದುರೆದುರು ನಿಂತು ವ್ಯಾಪಾರ ಮಾಡುವಾಗ ಮೊಳ ಸಾಕು, ಕೊಸರು ಅದರ ಏರುಪೇರನ್ನು ಸರಿದೂಗಿಸುತ್ತೆ. ಆದರೆ ಇನ್ನೊಂದು ಊರಿನ ಬಡಗಿಗೆ ಫೋನಿನಲ್ಲಿ ಕಿಟಕಿಯ ಅಳತೆ ಹೇಳಬೇಕಾದರೆ ಯಾರ ಮೊಳ ಹೇಳೋದು? ಈ ಪ್ರಶ್ನೆಯನ್ನು ಮಕ್ಕಳೇ ಎತ್ತಿದರು. ಅವತ್ತು ಆ ಪ್ರಶ್ನೆಗಿಂತ ಮುಂದೆ ನಾನು ಹೋಗಲಿಲ್ಲ.

ಮರುದಿನ ಮನೆಯಿಂದ ಪಾವು, ಸೇರು ತರಲು ಹೇಳಿದೆ. ನೀರು ತುಂಬಿಸಿ ಅಳತೆ ಜಾಡಿಯಲ್ಲಿ ಅಳೆದೆವು. ಒಂದು ಪಾವು 220 ಮಿಲಿಲೀಟರ್ ಹಿಡಿದರೆ ಇನ್ನೊಂದು 265 ಹಿಡಿಯಿತು. ನಾಲ್ಕು ಪಾವಿಗೆ ಒಂದು ಸೇರು ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಒಬ್ಬನ ಮನೆಯ ಪಾವಿನಿಂದ ನಾಲ್ಕು ಸಲ ಸುರಿದರೆ ಅವನದೇ ಮನೆಯ ಸೇರು ತುಂಬಿ ಚೆಲ್ಲಿತು.

ಕಿಲೋ, ಮೀಟರ್ ಬರುವ ಮೊದಲು ಹೇಗಿತ್ತು ಅಂತ ಮನೆಗೆ ಹೋಗಿ ಅಜ್ಜಿ ತಾತಂದಿರನ್ನು ಕೇಳಿ ಬನ್ನಿ ಎಂದೆ. ನಮ್ಮ ದೇಶದಲ್ಲಿ ಮೀಟರ್, ಕಿಲೋಗ್ರಾಂನ ಮೆಟ್ರಿಕ್ ಪದ್ಧತಿ ತಂದ ತೂಕ ಮತ್ತು ಅಳತೆಯ ಕಾಯಿದೆ ಬಂದದ್ದು 1956ರಲ್ಲಿ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾಪೈಸೆ ಆಯಿತು. ಅದಕ್ಕೂ ಮೊದಲು ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಕಿಲೋಗ್ರಾಂ ತೂಕ 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಬಂತು. ಒಬ್ಬ ಹುಡುಗನ ಅಜ್ಜಿಗೆ ಆಗ ಹನ್ನೆರಡೋ ಹದಿಮೂರೋ ವರ್ಷವಂತೆ. ಅಂಗಡಿಯಲ್ಲಿ ಹೊಸ ತೂಕದ ಕಲ್ಲು ನೋಡಿ ಅವರಪ್ಪ 'ಇದು ಸೇರಿಗಿಂತ ಜಾಸ್ತೀನಾ ಕಡಿಮೇನಾ' ಅಂತ ಜಗಳಕ್ಕೇ ನಿಂತಿದ್ದರಂತೆ. ಆಗಿನ ಸರ್ಕಾರಿ ತೂಕದ ಸೇರು ಸುಮಾರು 933 ಗ್ರಾಂ, ಕಿಲೋ ಸ್ವಲ್ಪ ಜಾಸ್ತಿಯೇ. ಹದಿನಾರಾಣೆ ನಿಜ, ನಾಲ್ಕಾಣೆ ಎಂಬ ಮಾತು ಎಲ್ಲಿಂದ ಬಂತು ಅಂತ ಮಕ್ಕಳಿಗೆ ಆವತ್ತು ಗೊತ್ತಾಯಿತು. ಸಂಜೆ ಊರಿನ ಅಂಗಡಿಗೂ ಹೋದೆವು. ಅಂಗಡಿಯವರು ಕಬ್ಬಿಣದ ತೂಕದ ಕಲ್ಲನ್ನು ತಿರುಗಿಸಿ, ತಳದಲ್ಲಿ ಸೀಸ ತುಂಬಿ ಒತ್ತಿದ ಮುದ್ರೆ ತೋರಿಸಿದರು. ಕಲ್ಲನ್ನು ತೂಕ ಮತ್ತು ಅಳತೆಯ ಇಲಾಖೆಯವರೇ ಪರೀಕ್ಷೆ ಮಾಡಿದ್ದಾರೆ ಎಂಬುದಕ್ಕೆ ಅದು ಗುರುತು. ಮಕ್ಕಳು ಒಬ್ಬೊಬ್ಬರಾಗಿ ಅದನ್ನು ಮುಟ್ಟಿ ನೋಡಿದರು.

ಆಮೇಲೆ ಮತ್ತೆ ಬೆಂಚಿಗೆ ಬಂದೆವು. ಈ ಸಲ ಒಬ್ಬೊಬ್ಬರೇ ಬಂದು ಅಳೆದು, ಚೀಟಿಯಲ್ಲಿ ಬರೆದು, ಮಡಚಿ ಡಬ್ಬಕ್ಕೆ ಹಾಕಬೇಕು. ಡಬ್ಬ ಬಿಚ್ಚಿ ಬೋರ್ಡಿನ ಮೇಲೆ ಸಂಖ್ಯೆಗಳ ಗೆರೆ ಎಳೆದು, ಒಂದೊಂದು ಚೀಟಿಗೆ ಒಂದೊಂದು ಚುಕ್ಕೆ ಇಟ್ಟೆ. 117.6ರಿಂದ 119.3ರವರೆಗೆ ಚುಕ್ಕೆಗಳು ಹರಡಿದವು. 118.3, 118.4ರ ಹತ್ತಿರ ಗುಂಪು ಕಟ್ಟಿದವು. "ಇದರಲ್ಲಿ ಸರಿ ಯಾವುದು ಮಿಸ್?" ಎಂದರು. "ನೀವೇ ಹೇಳಿ, ಯಾಕೆ ಹೀಗೆ ಹರಡಿದೆ?" ಎಂದೆ. ಕಾರಣಗಳು ಒಂದೊಂದಾಗಿ ಹೊರಬಂದವು. 15 ಸೆಂಟಿಮೀಟರ್ ಸ್ಕೇಲನ್ನು ಎಂಟು ಸಲ ಇಡಬೇಕು, ಪ್ರತಿ ಸಲವೂ ಒಂದು ಕೂದಲೆಳೆಯಷ್ಟು ಜರುಗುತ್ತೆ. ಹಳೆಯ ಸ್ಕೇಲಿನ ಸೊನ್ನೆಯ ಕಡೆಯ ತುದಿ ಸವೆದಿರುತ್ತೆ, ಅದಕ್ಕೆ 1ರಿಂದ ಶುರು ಮಾಡಿ ಕೊನೆಗೆ ಒಂದು ಕಳೆಯಬೇಕು. ಕಣ್ಣು ಗೆರೆಯ ನೇರಕ್ಕೆ ಇಲ್ಲದಿದ್ದರೆ ಒಂದೆರಡು ಮಿಲಿಮೀಟರ್ ಆಚೀಚೆ ಓದುತ್ತೇವೆ. ದರ್ಜಿಯ ಟೇಪಿನಲ್ಲಿ ಅಳೆದವರ ಚುಕ್ಕೆಗಳು ಹತ್ತಿರ ಹತ್ತಿರ ಇದ್ದವು. ಇದನ್ನು ಕಂಡುಹಿಡಿದದ್ದು ಯಾವಾಗಲೂ ಹಿಂದಿನ ಬೆಂಚಿನಲ್ಲಿ ಕೂರುವ, ಓದಲು ಇನ್ನೂ ತಡವರಿಸುವ ಒಬ್ಬ ಹುಡುಗ. ಆ ಗಂಟೆಯಲ್ಲಿ ಅವನ ಮುಖ ನೋಡಬೇಕಿತ್ತು.

ಮೆಟ್ರಿಕ್ ಪದ್ಧತಿ ಯಾಕೆ ಸುಲಭ ಎಂಬುದನ್ನೂ ಅದೇ ಬೆಂಚು ಹೇಳಿಕೊಟ್ಟಿತು. ಆ ಬೆಂಚಿನಲ್ಲಿ ನಾಲ್ಕು ಜನ ಕೂರುತ್ತಾರೆ. ದಿನಾ ಜಾಗಕ್ಕೆ ತಳ್ಳಾಟ. 118.4ನ್ನು ನಾಲ್ಕರಿಂದ ಭಾಗಿಸಿದರೆ ತಲಾ 29.6 ಸೆಂಟಿಮೀಟರ್. ಅದನ್ನೇ ಟೇಪಿನ ಇನ್ನೊಂದು ಬದಿಯಿಂದ ಅಳೆದರೆ 3 ಅಡಿ 10 ಇಂಚು, ಮೇಲೆ ಎಂಟರಲ್ಲಿ ಐದು ಭಾಗ. ಇದನ್ನು ನಾಲ್ಕು ಪಾಲು ಮಾಡಿ ನೋಡಿ ಎಂದೆ. ಅರ್ಧ ಗಂಟೆ ಕೂತು ಒದ್ದಾಡಿದರು. ಸೆಂಟಿಮೀಟರ್ ಲೆಕ್ಕದ ಸೀಮೆಸುಣ್ಣದ ಗೆರೆ ಆ ಬೆಂಚಿನ ಮೇಲೆ ಬಹಳ ದಿನ ಇತ್ತು.

ಮೂಲಮಾನ, ಅಂದರೆ ಸೆಂಟಿಮೀಟರೋ ಕಿಲೋನೋ ಎಂಬುದನ್ನು, ಬರೆಯದೆ ಬರೀ ಸಂಖ್ಯೆ ಬರೆಯುವ ಅಭ್ಯಾಸ ಬಿಡಿಸಲು ಒಂದು ಕಥೆ ಹೇಳುತ್ತೇನೆ. 1983ರ ಜುಲೈನಲ್ಲಿ ಕೆನಡಾದ ಒಂದು ಪ್ರಯಾಣಿಕರ ವಿಮಾನಕ್ಕೆ ಇಂಧನ ತುಂಬುವಾಗ ಕಿಲೋಗ್ರಾಂ ಬದಲು ಪೌಂಡಿನ ಲೆಕ್ಕ ಹಿಡಿದರು. ಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಇಂಧನ ಇತ್ತು. ಆಕಾಶದಲ್ಲೇ ಎಂಜಿನ್‌ಗಳು ನಿಂತವು. ಪೈಲಟ್‌ಗಳು ಗಿಮ್ಲಿ ಎಂಬ ಊರಿನ ಹಳೆಯ ವಿಮಾನ ನಿಲ್ದಾಣದಲ್ಲಿ ಗ್ಲೈಡರ್‌ನಂತೆ ತೇಲಿಸಿ ಇಳಿಸಿದರು. ಒಳಗಿದ್ದ 69 ಜನರೂ ಬದುಕಿದರು. ಈ ಕಥೆ ಕೇಳಿದ ಮೇಲೆ ನನ್ನ ಕ್ಲಾಸಿನಲ್ಲಿ ಯಾರಾದರೂ ಸುಮ್ನೆ '20' ಎಂದು ಬರೆದರೆ, ಪಕ್ಕದವರೇ "20 ಏನು?" ಎಂದು ಕೇಳುತ್ತಾರೆ.

ಪ್ರಯೋಗದ ವಿಷಯಕ್ಕೆ ಬಂದಾಗ ಲೋಲಕ, ಅಂದರೆ ದಾರಕ್ಕೆ ಕಟ್ಟಿ ಓಲಾಡಲು ಬಿಟ್ಟ ಕಲ್ಲು, ಆರಿಸಿಕೊಂಡೆ. ದಾರ, ಕಲ್ಲು, ನನ್ನ ಫೋನಿನ ಸ್ಟಾಪ್‌ವಾಚ್, ಇಷ್ಟು ಸಾಕು. ಪ್ರಶ್ನೆ ಒಂದೇ: ಭಾರದ ಕಲ್ಲು ಬೇಗ ಓಲಾಡುತ್ತಾ, ಹಗುರದ ಕಲ್ಲಾ? ಎಲ್ಲರೂ ಪೆನ್ನಿನಲ್ಲಿ ಊಹೆ ಬರೆದರು. 22 ಜನ ಭಾರದ್ದೇ ಬೇಗ ಎಂದರು. 6 ಜನ ನಿಧಾನ, 3 ಜನ ಎರಡೂ ಒಂದೇ ಎಂದರು. ವರಾಂಡದಲ್ಲಿ ಆಷಾಢದ ಗಾಳಿ ಜೋರಾಗಿದ್ದರಿಂದ ಒಳಗೆ ಬಂದು, ಕಿಟಕಿ ಬಾಗಿಲು ಹಾಕಿ, ಸರಳಿಗೆ ದಾರ ಕಟ್ಟಿದೆವು. ದಾರ ಎರಡಕ್ಕೂ 25 ಸೆಂಟಿಮೀಟರ್, ಗಂಟಿನಿಂದ ಗಂಟಿಗೆ. ಒಂದು ಗೋಲಿ ಗಾತ್ರದ ಕಲ್ಲು, ಇನ್ನೊಂದು ಮೂಸಂಬಿ ಗಾತ್ರದ್ದು. ನಾಲ್ಕು ಬೆರಳಿನಷ್ಟು ಮಾತ್ರ ಎಳೆದು ಬಿಡಬೇಕು. ಹೋಗಿ ವಾಪಸ್ ಬಂದರೆ ಒಂದು ಓಲಾಟ. ಇಪ್ಪತ್ತು ಎಣಿಸಬೇಕು.

ಚಿಕ್ಕ ಕಲ್ಲಿಗೆ 20.4, 20.6, 20.5 ಸೆಕೆಂಡ್ ಬಂತು. ದೊಡ್ಡದಕ್ಕೆ 21.6, 21.8, 21.7.

ನನಗೆ ಬೆವರಿತು. ಓಲಾಟದ ಸಮಯ ತೂಕವನ್ನು ಅವಲಂಬಿಸುವುದಿಲ್ಲ ಎಂದು ನಾನು ಓದಿದ್ದೇನೆ, ವರ್ಷಗಟ್ಟಲೆ ಹೇಳಿದ್ದೇನೆ. ಇಲ್ಲಿ ನೋಡಿದರೆ ಭಾರದ್ದು ಪ್ರತಿ ಸಲ ಒಂದು ಸೆಕೆಂಡಿಗಿಂತ ಜಾಸ್ತಿ ನಿಧಾನ. 'ಪುಸ್ತಕದಲ್ಲಿ ಎರಡೂ ಒಂದೇ ಅಂತ ಇದೆ, ಹಾಗೇ ಬರ್ಕೊಳ್ಳಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ನಾನೇ ಅವರ ಕೈಗೆ ರಬ್ಬರ್ ಕೊಟ್ಟ ಹಾಗೆ ಆಗುತ್ತಿತ್ತು. ತಡೆದುಕೊಂಡೆ. "ನನಗೂ ಗೊತ್ತಾಗ್ತಿಲ್ಲ, ಹುಡುಕೋಣ" ಎಂದೆ. ಅದು ನಿಜವೂ ಆಗಿತ್ತು.

ಮೂರು ದಿನ ಹುಡುಕಿದೆವು. ಮೊದಲು ಎಣಿಕೆಯ ಮೇಲೆ ಅನುಮಾನ ಬಂತು. ಕೆಲವರು ಕಲ್ಲು ಬಿಟ್ಟ ಕೂಡಲೇ 'ಒಂದು' ಎನ್ನುತ್ತಿದ್ದರು. ಹಾಗೆ ಮಾಡಿದರೆ ಸಿಗೋದು ಹತ್ತೊಂಬತ್ತೇ ಓಲಾಟ. ಬಿಡುವಾಗ 'ಸೊನ್ನೆ' ಎನ್ನಬೇಕು ಎಂದು ಮಕ್ಕಳೇ ತೀರ್ಮಾನಿಸಿದರು. ತಿದ್ದಿಕೊಂಡರೂ ವ್ಯತ್ಯಾಸ ಹೋಗಲಿಲ್ಲ. ಸ್ಟಾಪ್‌ವಾಚ್ ಒತ್ತುವವರನ್ನು ಬದಲಿಸಿದೆವು. ದಾರ ಅದಲು ಬದಲು ಮಾಡಿದೆವು. ವ್ಯತ್ಯಾಸ ಹಾಗೇ ಇತ್ತು. "ಎರಡರ ನಡುವೆ ತೂಕ ಬಿಟ್ಟು ಇನ್ನೇನಾದರೂ ಬೇರೆ ಇದೆಯಾ?" ಎಂದು ದಿನಾ ಕೇಳುತ್ತಿದ್ದೆ. ಮೂರನೇ ದಿನ ಆ ಹೂವಿನ ಮನೆಯ ಹುಡುಗಿ ಎರಡೂ ಲೋಲಕಗಳನ್ನು ಪಕ್ಕ ಪಕ್ಕ ಹಿಡಿದು ನೋಡಿ, "ಮಿಸ್, ದಾರ ಒಂದೇ. ಆದ್ರೆ ದೊಡ್ಡ ಕಲ್ಲಿನ ಹೊಟ್ಟೆ ಕೆಳಗಿದೆ" ಎಂದಳು.

ಅದೇ ಕಾರಣ. ಲೋಲಕದ ಉದ್ದ ಎಂದರೆ ಕಟ್ಟಿದ ಜಾಗದಿಂದ ಕಲ್ಲಿನ ನಡುಮಧ್ಯದವರೆಗೆ. ನಾವು ದಾರ ಮಾತ್ರ ಅಳೆದಿದ್ದೆವು. ಹಾಗಾಗಿ ಚಿಕ್ಕದರ ಉದ್ದ 26 ಆಗಿತ್ತು, ದೊಡ್ಡದರದು 29. ಒಂದನ್ನೇ ಬದಲಿಸುತ್ತಿದ್ದೇವೆ ಎಂದುಕೊಂಡು ಎರಡನ್ನು ಬದಲಿಸಿದ್ದೆವು. ಕಲ್ಲಿನ ಮಧ್ಯಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಎರಡಕ್ಕೂ ಅಲ್ಲಿಗೆ ಸರಿಯಾಗಿ 25 ಬರುವಂತೆ ದಾರ ಗಿಡ್ಡ ಮಾಡಿದೆವು. ಚಿಕ್ಕದು 20.1. ದೊಡ್ಡದು 20.2. ಕ್ಲಾಸು ಕೂಗಿದ ಕೂಗಿಗೆ ಪಕ್ಕದ ಕೋಣೆಯ ಮೇಷ್ಟ್ರು ಓಡಿ ಬಂದರು.

ಆಮೇಲೆ ಉದ್ದ ಬದಲಿಸಿದೆವು. ಒಂದು ಮೀಟರ್ ಎಂದರೆ 25ರ ನಾಲ್ಕರಷ್ಟು, ಹಾಗಾಗಿ ಸಮಯವೂ ನಾಲ್ಕು ಪಟ್ಟು ಎಂದು ಬಹಳಷ್ಟು ಮಕ್ಕಳು ಊಹೆ ಬರೆದರು. ಬಂದದ್ದು 40.2 ಸೆಕೆಂಡ್, ಎರಡು ಪಟ್ಟು ಮಾತ್ರ. ಅಂದರೆ ಒಂದು ಮೀಟರ್ ಲೋಲಕ ಈ ಕಡೆಯಿಂದ ಆ ಕಡೆಗೆ ಹೋಗಲು ಹೆಚ್ಚುಕಡಿಮೆ ಒಂದು ಸೆಕೆಂಡ್. ಇದನ್ನು ಕಂಡವರಿಗೆ ಮೀಟರಿನ ಚರಿತ್ರೆ ಹೇಳುವುದು ಎಷ್ಟು ಸುಲಭ! ಮೀಟರ್ ಎಷ್ಟುದ್ದ ಇರಬೇಕು ಎಂದು 1790ರ ಸುಮಾರಿಗೆ ಫ್ರಾನ್ಸಿನಲ್ಲಿ ಚರ್ಚೆ ನಡೆದಾಗ, ಸರಿಯಾಗಿ ಒಂದು ಸೆಕೆಂಡಿಗೆ ಆ ಕಡೆ ಹೋಗುವ ಲೋಲಕದ ಉದ್ದವನ್ನೇ ಇಟ್ಟುಕೊಳ್ಳೋಣ ಎಂಬ ಸಲಹೆ ಇತ್ತು. ಆದರೆ ಆ ಉದ್ದ ಎಲ್ಲ ಊರಿನಲ್ಲೂ ಒಂದೇ ಇರುವುದಿಲ್ಲ. ಪ್ಯಾರಿಸ್ಸಿನಲ್ಲಿ ಸುಮಾರು 99.4 ಸೆಂಟಿಮೀಟರ್, ನಮ್ಮ ಕಡೆ ಸುಮಾರು 99.1. ಭೂಮಿಯ ಸೆಳೆತ ಎಲ್ಲ ಕಡೆ ಒಂದೇ ಸಮ ಇಲ್ಲ. ಹಾಗಾಗಿ 1791ರಲ್ಲಿ ಅದನ್ನು ಬಿಟ್ಟು, ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಒಂದು ಕೋಟಿಯಲ್ಲಿ ಒಂದು ಭಾಗ ಎಂದು ಇಟ್ಟುಕೊಂಡರು. ದಲಾಂಬ್ರ್ ಮತ್ತು ಮೆಷೆಂ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು ಆ ದೂರದ ಒಂದು ತುಂಡನ್ನು, ಫ್ರಾನ್ಸಿನ ಡಂಕರ್ಕ್‌ನಿಂದ ಸ್ಪೇನಿನ ಬಾರ್ಸಿಲೋನಾವರೆಗೆ, ಆರು ವರ್ಷಕ್ಕೂ ಮೇಲೆ ಅಳೆದರು. ಈಗಿನ ಮೀಟರ್ ಬೆಳಕಿನ ವೇಗದ ಲೆಕ್ಕದ್ದು, 1983ರಿಂದ. "ಅಲ್ಲೂ ಮೊಳದ ಜಗಳಾನೇ ಆಗಿತ್ತು ಅಲ್ವಾ ಮಿಸ್?" ಎಂದ ಒಬ್ಬ.

ಇದೆಲ್ಲಕ್ಕೂ ಹನ್ನೆರಡು ಪೀರಿಯಡ್ ಹೋಯಿತು. ಪಾಠಯೋಜನೆಯಲ್ಲಿ ನಾನು ಬರೆದಿದ್ದದ್ದು ಆರು. ಮುಂದಿನ ಒಂದೆರಡು ಪಾಠಗಳನ್ನು ಬೇಗ ಬೇಗ ಮುಗಿಸಬೇಕಾಯಿತು, ಅದರ ಬಗ್ಗೆ ಬೇಸರ ಇದೆ. ಆದರೂ ಲೋಲಕದ ಮೂರು ದಿನವನ್ನು ಕಡಿಮೆ ಮಾಡಲು ನನಗೆ ಮನಸ್ಸಿಲ್ಲ. ಈಗ ಪ್ರತಿ ವರ್ಷವೂ ದಾರವನ್ನು ಗಂಟಿನಿಂದ ಗಂಟಿಗೇ ಅಳೆಯಲು ಬಿಡುತ್ತೇನೆ, ಬಾಯಿ ಬಿಡುವುದಿಲ್ಲ. ಒಂದು ವರ್ಷ ಎರಡನೇ ದಿನಕ್ಕೇ ಕಂಡುಹಿಡಿದರು. ಇನ್ನೊಂದು ವರ್ಷ ಐದು ದಿನ ಹಿಡಿಯಿತು.

ಈ ಸಲದ ಮಕ್ಕಳು ಬೇರೆಯೇ ಪ್ರಶ್ನೆ ಹಿಡಿದಿದ್ದಾರೆ. ಲೋಲಕ ಕೊನೆಗೆ ನಿಲ್ಲುವುದು ಗಾಳಿಯಿಂದಲೋ, ಮೇಲೆ ದಾರ ಸರಳಿಗೆ ಉಜ್ಜುವುದರಿಂದಲೋ? ಕಲ್ಲಿಗೆ ರಟ್ಟು ಕಟ್ಟಿ ನೋಡೋಣ ಎಂದು ಕೆಲವರು, ದಾರದ ಬದಲು ಮೀನಿನ ಗಾಳದ ನೈಲಾನ್ ದಾರ ತರುತ್ತೇವೆ ಎಂದು ಇನ್ನು ಕೆಲವರು. ಊಹೆಗಳನ್ನು ಪೆನ್ನಿನಲ್ಲಿ ಬರೆದಾಗಿದೆ. ಸೋಮವಾರ ಅಳೆಯುತ್ತೇವೆ.