ಇಲ್ಲದ ದೇಶಕ್ಕೆ ಐದು ಪಕ್ಷ ಕಟ್ಟಿದ್ದು

ಕಳೆದ ಏಪ್ರಿಲ್ ಶಿಬಿರದ ಮೂರನೇ ದಿನ, ಊಟದ ಗಂಟೆಗೆ ಹತ್ತು ನಿಮಿಷ ಮುಂಚೆ, ನಮ್ಮ ಇಲ್ಲದ ದೇಶ ತೊರೆನಾಡಿನ ಸರ್ಕಾರ ಬಿತ್ತು. ಬೀಳಿಸಿದ್ದು ಏಳನೇ ಕ್ಲಾಸಿನ ಹುಡುಗಿ. ಬಿದ್ದಿದ್ದು ಒಂದು ಬುಟ್ಟಿಯ ಅಳತೆಯ ಮೇಲೆ. ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಎಷ್ಟು ಖುಷಿಯಾಯಿತು ಅಂದರೆ ಅಡುಗೆಯವರಿಗೆ ಹೋಗಿ ಹೇಳಿದೆ. ಅವರು "ಹೌದಾ, ಹಂಗಾದ್ರೆ ಅನ್ನ ಇಳಿಸ್ಲಾ ಬೇಡ್ವಾ?" ಅಂದರು.

ಬೇಸಿಗೆ ಶಿಬಿರಗಳಲ್ಲಿ ಅಣಕು ಚುನಾವಣೆ ಮಾಡಿಸುವವರಿಗೆ ಇದನ್ನು ಬರೆಯುತ್ತಿದ್ದೇನೆ. ಮತಚೀಟಿ, ಪೆಟ್ಟಿಗೆ, ಸಭಾಧ್ಯಕ್ಷರ ಕುರ್ಚಿ ನಿಮಗೆಲ್ಲ ಗೊತ್ತು. ಕಷ್ಟ ಇರುವುದು ಪಕ್ಷ ಕಟ್ಟುವುದರಲ್ಲಿ. ನಿಜವಾದ ಪಕ್ಷ ಇಟ್ಟರೆ ಜಗಳ, ಸುಳ್ಳು ಪಕ್ಷ ಇಟ್ಟರೆ ನಿದ್ದೆ. ನನಗೆ ಮೂರು ವರ್ಷ ಎರಡೂ ಆಗಿವೆ. "ಸುಮ್ನೆ ಚರ್ಚಾಸ್ಪರ್ಧೆ ಇಟ್ಕೋ ಮಾರಾಯ, ಇದೆಲ್ಲ ಮಕ್ಕಳಿಗೆ ಹಿಡಿಸಲ್ಲ" ಅಂತ ಹೇಳಿದ ಗೆಳೆಯರ ಸಂಖ್ಯೆ ಕಡಿಮೆ ಇಲ್ಲ. ಅವರಲ್ಲಿ ಇಬ್ಬರು ಈಗ ನಾನು ಪಕ್ಷಗಳಿಗೆ ಕೊಡುವ ಲಕೋಟೆಗಳ ಪ್ರತಿ ಕೇಳುತ್ತಿದ್ದಾರೆ.

ಮೊದಲ ವರ್ಷ ಪಠ್ಯಪುಸ್ತಕ ಹಿಡಿದುಕೊಂಡು ಹೋದೆ. ಸಮಾಜವಾದಿ, ಉದಾರವಾದಿ, ಸಂಪ್ರದಾಯವಾದಿ, ರಾಷ್ಟ್ರವಾದಿ, ಸಾಮ್ಯವಾದಿ, ಹಸಿರು. ಒಟ್ಟು ಆರು ಪಕ್ಷ, ಆರು ಫ್ಲೆಕ್ಸ್. ಫ್ಲೆಕ್ಸಿಗೆ ಸಾವಿರದ ಇನ್ನೂರೋ ಮುನ್ನೂರೋ ಹೋಯಿತು. ನಲವತ್ತು ಚಿಲ್ಲರೆ ಮಕ್ಕಳಲ್ಲಿ ಇಪ್ಪತ್ತೇಳು ಜನ ಹಸಿರು ಪಕ್ಷಕ್ಕೆ ಹಾಕಿದರು. ಯಾಕೆ ಅಂತ ಕೇಳಿದೆ. "ಎಲೆ ಚೆನ್ನಾಗಿದೆ ಸರ್." ಚಿಹ್ನೆ ಬಿಡಿಸಿದವನು ನಾನೇ, ಎಲೆಗೆ ಬಣ್ಣ ಜಾಸ್ತಿ ಹಾಕಿದ್ದೆ. ಉಳಿದವರು ಭಾಷಣದಲ್ಲಿ "ನಮ್ಮದು ಉದಾರವಾದ, ನಾವು ಉದಾರವಾಗಿರುತ್ತೇವೆ" ಅಂದರು. ಮಕ್ಕಳ ತಪ್ಪಲ್ಲ. ಆ ಪಕ್ಷಕ್ಕೆ ಬೇರೆ ಹೇಳುವುದಕ್ಕೆ ಏನೂ ಇರಲಿಲ್ಲ.

ಎರಡನೇ ವರ್ಷ ಜಾಣತನ ಮಾಡಿದೆ. ನಿಜವಾದ ಪಕ್ಷಗಳಿಗೇ ಹೆಸರು ಬದಲಿಸಿ, ಚಿಹ್ನೆ ತಿರುಗಿಸಿ ಇಟ್ಟೆ. ಮೊದಲ ದಿನ ಸಂಜೆಗೇ ಎಲ್ಲರೂ ಕಂಡುಹಿಡಿದರು. ಮಕ್ಕಳು ಮನೆಯಲ್ಲಿ ಕೇಳಿದ್ದನ್ನೇ ತಂದು ಸಭೆಯಲ್ಲಿ ಸುರಿದರು. ರಾತ್ರಿ ಒಬ್ಬ ಹುಡುಗನ ಅಪ್ಪ ಫೋನ್ ಮಾಡಿ, "ನಮ್ಮ ಪಕ್ಷಕ್ಕೆ ಕತ್ತೆ ಚಿಹ್ನೆ ಯಾಕೆ ಕೊಟ್ರಿ?" ಅಂದರು. ಕತ್ತೆ ಅಲ್ಲ ಸ್ವಾಮಿ, ಕುದುರೆ. ನನ್ನ ಕೈ ಅಷ್ಟೇ. ಮರುದಿನ ಸಭಾಂಗಣದವರು "ರಾಜಕೀಯ ಬೇಡ" ಅಂತ ಬಾಗಿಲು ಹಾಕಿದರು. ಮುಂಗಡ ಕೊಟ್ಟಿದ್ದ ಮೂರು ಸಾವಿರ ಇವತ್ತಿಗೂ ವಾಪಸ್ ಬಂದಿಲ್ಲ.

ಮೂರನೇ ವರ್ಷದ್ದು ಹೇಳಲಿಕ್ಕೇ ನಾಚಿಕೆ. ಹನ್ನೊಂದು ಪಕ್ಷ. ಒಂದೊಂದಕ್ಕೂ ಇತಿಹಾಸ, ಸಿದ್ಧಾಂತ, ನಾಯಕರ ವಂಶಾವಳಿ. ನಲವತ್ತಾರು ಪುಟದ ಕೈಪಿಡಿ, ತಲೆಗೊಂದು ಪ್ರತಿ. ಜೆರಾಕ್ಸ್, ಬೈಂಡಿಂಗ್ ಸೇರಿ ನಾಲ್ಕು ಸಾವಿರದ ಹತ್ತಿರ. ಓದಿದವನು ಒಬ್ಬನೇ, ಅವನೂ ಕಾಗುಣಿತದ ತಪ್ಪು ಹುಡುಕಲು. ಕೊನೇ ದಿನ ಚುರುಮುರಿ ಹಂಚುವಾಗ ಪೊಟ್ಟಣ ಕಟ್ಟಲು ಅದೇ ಹಾಳೆ ಬಳಸಿದರು. ಸಂಪ್ರದಾಯವಾದಿಗಳ ಪ್ರಣಾಳಿಕೆಯಲ್ಲಿ ನಾನೂ ತಿಂದೆ.

ದಾರಿ ಸಿಕ್ಕಿದ್ದು ಊರಲ್ಲೇ. ನಮ್ಮದು ಸಾಗರ ತಾಲ್ಲೂಕು. ಗೇಣಿದಾರರ ಕಾಗೋಡು ಸತ್ಯಾಗ್ರಹ, 1951, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನವಾದದ್ದು, ಇಷ್ಟನ್ನೆಲ್ಲ ಭಾಷಣಗಳಲ್ಲಿ ಕೇಳಿ ಬೆಳೆದವರು ನಾವು. ಆದರೆ ಅದು ಶುರುವಾದದ್ದು ಎಲ್ಲಿಂದ? ಕೊಳಗದಿಂದ. ಗೇಣಿ ಅಳೆದುಕೊಳ್ಳುವ ಕೊಳಗ ದೊಡ್ಡದಿದೆ ಅಂತ ಗೇಣಿದಾರರು ತಕರಾರು ತೆಗೆದರು. ಸಮಾಜವಾದ ಅನ್ನುವ ಮಾತು ಅಂಗಳಕ್ಕೆ ಬಂದದ್ದು ಆಮೇಲೆ. ಊರಿನ ಹಿರಿಯರೊಬ್ಬರು ಇದನ್ನೇ ಹೇಳುತ್ತಾ, "ಸಿದ್ಧಾಂತ ಗಿದ್ಧಾಂತ ಆಮೇಲೆ ಬಂತು ತಮ್ಮಾ, ಮೊದಲು ಬಂದದ್ದು ಸೇರು, ಕೊಳಗ" ಅಂದರು. ಅವತ್ತು ರಾತ್ರಿ ಕೂತು ಹನ್ನೊಂದು ಪಕ್ಷವನ್ನೂ ಹರಿದುಹಾಕಿದೆ. ಹೊಸ ಹಾಳೆಯ ಮೇಲೆ ಬರೆದದ್ದು ಒಂದೇ ಸಾಲು: "ಉಪ್ಪಿನ ಬುಟ್ಟಿ ಎಷ್ಟು ದೊಡ್ಡದು?"

ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿದ್ದೆ. ಅದರಿಂದ ಆಗರವನ್ನು ಮಾತ್ರ ತಗೊಂಡೆ, ಜಗಳ ನನ್ನದೇ. ತೊರೆನಾಡು ಅಂದರೆ ಒಂದೇ ಹೊಳೆಯ ದೇಶ. ಮೇಲೆ ಗದ್ದೆ, ಕೆಳಗೆ ಅಳಿವೆ, ಅಳಿವೆಯಲ್ಲಿ ಆಗರ, ಪಕ್ಕದಲ್ಲಿ ಬಂದರು. ಅರವತ್ತು ವರ್ಷದ ಹಿಂದೆ ಹೊರದೇಶದ ಹಡಗು ಕಂಪನಿಯೊಂದು ಬಂದರನ್ನು 99 ವರ್ಷಕ್ಕೆ ಗುತ್ತಿಗೆ ಕೇಳಿತು. ಕೆಲವರು ಸಹಿ ಹಾಕಿದರು, ಕೆಲವರು ಹಾಕಲಿಲ್ಲ. ಆ ದೇಶದ ಇತಿಹಾಸ ಇಷ್ಟೇ. ಕೈಪಿಡಿ ಅರ್ಧ ಪುಟ.

ಅಲ್ಲಿಂದ ಎರಡು ದೊಡ್ಡ ಪಕ್ಷ ಹುಟ್ಟಿದವು: ಒಪ್ಪಿದವರು, ಒಪ್ಪದವರು. ಕಾಗದದ ಮೇಲೆ ಉದ್ದುದ್ದ ಹೆಸರಿತ್ತು, ಯಾರೂ ಬಳಸಲಿಲ್ಲ. ಇದು ನನ್ನ ತಲೆಯಿಂದ ಬಂದದ್ದಲ್ಲ. ಐರ್ಲೆಂಡಿನ ಎರಡು ಹಳೇ ದೊಡ್ಡ ಪಕ್ಷಗಳು ಫಿಯನಾ ಫಾಯಿಲ್ ಮತ್ತು ಫೀನ ಗೇಲ್. ಬ್ರಿಟನ್ ಜೊತೆಗಿನ ಒಪ್ಪಂದ ಒಪ್ಪಬೇಕೋ ಬೇಡವೋ ಅಂತ 1922ರಲ್ಲಿ ಶುರುವಾದ ಅಂತರ್ಯುದ್ಧದ ಎರಡು ಬದಿಗಳಿಂದ ಆಮೇಲೆ ಹುಟ್ಟಿದವು ಅವು. ಉರುಗ್ವೆಯದ್ದು ಇನ್ನೂ ಮಜಾ. 1836ರ ಒಂದು ಕದನದಲ್ಲಿ ಒಂದು ಕಡೆಯವರು ಬಿಳಿ ಪಟ್ಟಿ ಕಟ್ಟಿದರು, ಇನ್ನೊಂದು ಕಡೆಯವರು ಕೆಂಪು. ಬಿಳಿಯವರು, ಕೆಂಪಿನವರು ಅಂತಲೇ ಎರಡು ಪಕ್ಷಗಳಾದವು, ಇವತ್ತಿಗೂ ಇವೆ. ನಮ್ಮ ಪಕ್ಕದ ಗೋವಾದಲ್ಲೂ ಅಷ್ಟೇ. ಮಹಾರಾಷ್ಟ್ರಕ್ಕೆ ಸೇರಬೇಕಾ ಬೇಡವಾ ಅನ್ನುವ ಒಂದೇ ಪ್ರಶ್ನೆಯ ಎರಡು ಬದಿಗೆ ಎರಡು ಪಕ್ಷ. 1967ರ ಜನಮತದಲ್ಲಿ ಪ್ರಶ್ನೆ ಮುಗಿಯಿತು, ಸೇರಬೇಕು ಅಂದ ಪಕ್ಷ ಆಮೇಲೂ ವರ್ಷಗಟ್ಟಲೆ ಆಳಿತು. ಇಂಥದ್ದು ಮಕ್ಕಳಿಗೆ ಥಟ್ಟಂತ ಹತ್ತುತ್ತದೆ. ಅವರ ಬೀದಿಯಲ್ಲೂ ಯಾವುದೋ ಹಳೇ ಕ್ರಿಕೆಟ್ ಜಗಳಕ್ಕೆ ಎರಡು ಗುಂಪು ಇದ್ದೇ ಇರುತ್ತದಲ್ಲ.

ಮೂರನೆಯದು ಬುಟ್ಟಿ ಪಕ್ಷ, ಆಗರದ ಕೂಲಿಯವರದ್ದು. ಕೂಲಿ ಕೊಡುವುದು ಬುಟ್ಟಿ ಲೆಕ್ಕದಲ್ಲಿ, ಬುಟ್ಟಿ ಹೆಣೆಸುವುದು ಧಣಿ. ನಾಲ್ಕನೆಯದು ಮೇಲ್ದಂಡೆ ಪಕ್ಷ, ನೀರು ನಮ್ಮಲ್ಲೇ ನಿಲ್ಲಲಿ ಅನ್ನುವ ರೈತರು. ಐದನೆಯದು ಹುಣ್ಣಿಮೆ ಸಭಾ, ಹುಣ್ಣಿಮೆಯ ದಿನ ಯಾರೂ ನೀರಿಗಿಳಿಯಬಾರದು ಅನ್ನುವ ಭಕ್ತರು.

ಚಿಹ್ನೆಗೆ ಈ ಸಲ ಸಪ್ಪೆ ವಸ್ತುಗಳು: ಕೀಲಿಕೈ, ಏಣಿ, ಬುಟ್ಟಿ, ಗುದ್ದಲಿ, ಮೊರ. ಎಲ್ಲವೂ ಒಂದೇ ಕಪ್ಪು ಶಾಯಿಯಲ್ಲಿ. ಎಲೆಯ ಪಾಠ ಮರೆತಿರಲಿಲ್ಲ.

ಈಗ ಮುಖ್ಯ ವಿಷಯ. ಒಂದೊಂದು ಪಕ್ಷಕ್ಕೂ ಎರಡು ಲಕೋಟೆ ಕೊಟ್ಟೆ. ಮೊದಲನೆಯದರಲ್ಲಿ ದುಡ್ಡು, ಅಂದರೆ ಹುಣಸೆ ಬೀಜ. ಜೊತೆಗೆ ಆ ದುಡ್ಡು ಕೊಟ್ಟವರು ಯಾರು, ಅವರಿಗೆ ಬದಲಿಗೆ ಏನು ಬೇಕು ಅನ್ನುವ ಚೀಟಿ. ಎರಡನೆಯದರಲ್ಲಿ ಆ ಪಕ್ಷದ ಒಂದು ಹುಳುಕು. ಒಪ್ಪಿದವರು ಮುಕ್ತ ವ್ಯಾಪಾರ ಅಂತಾರೆ, ಆದರೆ ಹೊರಗಿನ ಉಪ್ಪು ಬರಬಾರದು, ಯಾಕೆಂದರೆ ಆಗರ ಅವರದ್ದೇ. ಒಪ್ಪದವರು ಗುತ್ತಿಗೆ ರದ್ದು ಮಾಡ್ತೀವಿ ಅಂತ ಅರವತ್ತು ವರ್ಷದಿಂದ ಕೂಗುತ್ತಿದ್ದಾರೆ. ಮೂರು ಸಲ ಅಧಿಕಾರಕ್ಕೆ ಬಂದರೂ ಮಾಡಿಲ್ಲ, ಮೇಷ್ಟ್ರುಗಳ ಸಂಬಳ ಬರುವುದೇ ಆ ಬಾಡಿಗೆಯಿಂದ. ಬುಟ್ಟಿ ಪಕ್ಷ ಕೂಲಿಯವರೆಲ್ಲ ಒಂದು ಅನ್ನುತ್ತದೆ, ಮೇಲ್ದಂಡೆಯಿಂದ ವಲಸೆ ಬಂದ ಕೂಲಿಯವರಿಗೆ ಸದಸ್ಯತ್ವ ಕೊಡುವುದಿಲ್ಲ. ಮೇಲ್ದಂಡೆಯವರಿಗೆ ಸ್ವಂತ ಆಡಳಿತ ಬೇಕು, ಗೊಬ್ಬರದ ದುಡ್ಡು ಮಾತ್ರ ರಾಜಧಾನಿಯೇ ಕೊಡಬೇಕು.

ಸಿದ್ಧಾಂತದ ಜಾಗ ಖಾಲಿ ಬಿಟ್ಟೆ. ಅದನ್ನು ತುಂಬಿದ್ದು ಮಕ್ಕಳೇ, ಹುಳುಕು ಮುಚ್ಚಿಕೊಳ್ಳಲು. ಒಪ್ಪಿದವರ ಹುಡುಗ ಎದ್ದು ನಿಂತು, "ನಾವು ಮುಕ್ತ ವ್ಯಾಪಾರದವರೇ, ಆದರೆ ಉಪ್ಪು ವ್ಯಾಪಾರ ಅಲ್ಲ, ಉಪ್ಪು ನಮ್ಮ ಮಾನ" ಅಂದ. ಚಪ್ಪಾಳೆ ಬಿತ್ತು. ಒಂದು ವಾಕ್ಯದಲ್ಲಿ ಉದಾರವಾದಿ ರಾಷ್ಟ್ರವಾದಿಯಾಗಿದ್ದ. ನಲವತ್ತಾರು ಪುಟದಲ್ಲಿ ನನ್ನಿಂದ ಆಗದ ಕೆಲಸ.

ಎರಡನೇ ದಿನ ರಾತ್ರಿ ಮೂರನೇ ಲಕೋಟೆಯೊಂದು ಹೋಗುತ್ತದೆ, ಒಂದೇ ಪಕ್ಷಕ್ಕೆ. ಅದರಲ್ಲಿ ಏನಿರುತ್ತದೆ ಅಂತ ಇಲ್ಲಿ ಹೇಳುವುದಿಲ್ಲ. ಯಾವ ಮಗುವನ್ನು ಯಾವ ಪಕ್ಷಕ್ಕೆ ಹಾಕುತ್ತೇನೆ ಅನ್ನುವುದನ್ನೂ ಹೇಳುವುದಿಲ್ಲ. ಬೇಕಾದವರು ಶಿಬಿರಕ್ಕೆ ಬಂದು ಪಾತ್ರೆ ತೊಳೆಯಿರಿ, ತೋರಿಸುತ್ತೇನೆ.

ಮತ ಹಾಕಿದವರು 48 ಮಂದಿ, ಸೀಟು 12. ಒಪ್ಪಿದವರಿಗೆ 19, ಒಪ್ಪದವರಿಗೆ 13, ಬುಟ್ಟಿಗೆ 9, ಮೇಲ್ದಂಡೆಗೆ 5, ಹುಣ್ಣಿಮೆಗೆ 2 ಮತ. ಡಾಂಟ್ ಪದ್ಧತಿಯಲ್ಲಿ ಹಂಚಿದೆ. ಪ್ರತಿ ಪಕ್ಷದ ಮತವನ್ನು 1, 2, 3 ಅಂತ ಭಾಗಿಸುತ್ತಾ ಹೋಗಿ, ಬಂದ ಅಂಕಿಗಳಲ್ಲಿ ದೊಡ್ಡ ಹನ್ನೆರಡನ್ನು ಆರಿಸುವುದು, ಅಷ್ಟೇ. ಸೀಟು 5, 4, 2, 1, 0 ಬಂತು. ಬಹುಮತಕ್ಕೆ 7 ಬೇಕು. ಲೆಕ್ಕ ಹಾಕಿ ನೋಡಿ. ಹಳೇ ವೈರಿಗಳಿಬ್ಬರು ಸೇರದೇ ಹೋದರೆ ಎರಡು ಸೀಟಿನ ಬುಟ್ಟಿ ಇಲ್ಲದೆ ಸರ್ಕಾರವೇ ಇಲ್ಲ. ಇದನ್ನು ನಾನು ಹೊಂಚಿದ್ದಲ್ಲ, ಹಾಗೇ ಬಿತ್ತು. ಆದರೂ ಹೊಂಚಿದ್ದೆ ಅಂತಲೇ ಎಲ್ಲರಿಗೂ ಹೇಳಿದ್ದೇನೆ.

ಕುತೂಹಲಕ್ಕೆ ಅದೇ ಚೀಟಿಗಳನ್ನು ಮಲಗುವ ಕೋಣೆಗಳ ಪ್ರಕಾರ ನಾಲ್ಕು ನಾಲ್ಕು ಮತದ 12 ಕ್ಷೇತ್ರ ಮಾಡಿ, ನಮ್ಮ ದೇಶದ ರೀತಿಯಲ್ಲಿ ಎಣಿಸಿ ನೋಡಿದೆ. ಹತ್ತೊಂಬತ್ತು ಮತದವರಿಗೆ ಒಂಬತ್ತು ಸೀಟು. ಆಟ ಅಲ್ಲೇ ಮುಗಿಯುತ್ತಿತ್ತು. ಚರ್ಚೆ ಬೇಕು ಅನ್ನುವವರು ಸೀಟು ಹಂಚುವ ಪದ್ಧತಿಯ ಮೇಲೂ ಸ್ವಲ್ಪ ತಲೆ ಕೆಡಿಸಿಕೊಳ್ಳಿ.

ಮೊದಲ ಸರ್ಕಾರ ಒಪ್ಪಿದವರು ಮತ್ತು ಬುಟ್ಟಿಯವರದ್ದು. ಬುಟ್ಟಿ ಹದಿನಾರು ಸೇರಿನದೋ ಇಪ್ಪತ್ತರದೋ ಅಂತ ಎರಡು ದಿನ ಎಳೆದಾಡಿದರು. ಮೂರನೇ ದಿನ ಬುಟ್ಟಿ ಪಕ್ಷದ ಆ ಹುಡುಗಿ ಬಂದು ಮೆಲ್ಲಗೆ ಕೇಳಿದಳು. "ಸರ್, ಹೊಳೆ ನೀರು ಜಾಸ್ತಿ ಬಂದ್ರೆ ಉಪ್ಪು ಕರಗುತ್ತಲ್ವಾ? ಹಂಗಾದ್ರೆ ಮೇಲ್ದಂಡೆಯವ್ರು ನೀರು ಹಿಡಿದಿಟ್ರೆ ನಮಗೇ ಒಳ್ಳೇದಲ್ವಾ?" ದೇಶ ಕಟ್ಟಿದವನಿಗೇ ಅದು ಹೊಳೆದಿರಲಿಲ್ಲ. ಮುಖದಲ್ಲಿ ತೋರಿಸಿಕೊಳ್ಳದೆ "ಯೋಚನೆ ಮಾಡಿ" ಅಂದೆ. ಅರ್ಧ ಗಂಟೆಯಲ್ಲಿ ಒಪ್ಪದವರ ನಾಲ್ಕು, ಬುಟ್ಟಿಯ ಎರಡು, ಮೇಲ್ದಂಡೆಯ ಒಂದು ಸೇರಿ ಏಳಾಯಿತು, ಸರ್ಕಾರ ಬಿತ್ತು.

ಪಕ್ಷಾಂತರದ ಪ್ರಯೋಗ ಮಾತ್ರ ಕೈಕೊಟ್ಟಿತು. 1985ರ ಪಕ್ಷಾಂತರ ನಿಷೇಧ ಕಾನೂನಿನಲ್ಲಿ ಪಕ್ಷದ ಶಾಸಕರಲ್ಲಿ ಮೂರನೇ ಒಂದು ಭಾಗ ಒಡೆದು ಹೋದರೆ ಸದಸ್ಯತ್ವ ಉಳಿಯುತ್ತಿತ್ತು, 2003ರ ತಿದ್ದುಪಡಿಯಲ್ಲಿ ಆ ಬಾಗಿಲು ಮುಚ್ಚಿತು ಅಂತ ನಿಮಗೆ ಗೊತ್ತೇ ಇದೆ. ನಾನು ಹಳೇ ನಿಯಮ ಇಟ್ಟು ನೋಡೋಣ ಅಂದುಕೊಂಡೆ. ಐದು ಸೀಟಿನ ಪಕ್ಷದಿಂದ ಇಬ್ಬರು ಹೊರಟರೆ ಸಾಕು. ಹೊಸ ಸರ್ಕಾರದವರು ಇಬ್ಬರನ್ನು ಎಳೆದುಕೊಂಡು ಹೋಗಿ ಅಡುಗೆಮನೆಯ ಉಗ್ರಾಣದಲ್ಲಿ ಕೂರಿಸಿ, ಚಕ್ಕುಲಿ ಕೊಟ್ಟು, ಹೊರಗೆ ಕಾವಲು ನಿಂತರು. ಈ ರೆಸಾರ್ಟ್ ವಿದ್ಯೆ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸಂಜೆಯ ತಿಂಡಿಗೆ ಚಕ್ಕುಲಿ ಉಳಿಯಲಿಲ್ಲ, ಒಂದು ಮಗು ಅತ್ತಿತು. ಮರುದಿನವೇ ನಿಯಮ ತೆಗೆದೆ.

ಹುಣ್ಣಿಮೆ ಸಭಾಕ್ಕೆ ಸೀಟು ಬರಲಿಲ್ಲ. ಆದರೆ ಕೊನೇ ದಿನ ಗೋಡೆಗೆ ಅಂಟಿಸಿದ್ದ ಪ್ರಣಾಳಿಕೆಗಳನ್ನು ನೋಡಿದರೆ ನಾಲ್ಕೂ ಪಕ್ಷದವರು "ಹುಣ್ಣಿಮೆಗೆ ಸಂಬಳ ಸಹಿತ ರಜೆ" ಅಂತ ಬರೆದಿದ್ದರು. ಭಕ್ತರ ಬೇಡಿಕೆ ಕೂಲಿಯವರ ಹಕ್ಕಾಗಿತ್ತು. ಮೊರದ ಗುರುತಿನ ಇಬ್ಬರು ಹುಡುಗರು ಗೋಡೆಯ ಮುಂದೆ ನಿಂತು "ಕಳ್ಳರು" ಅಂತ ಬೈಯುತ್ತಿದ್ದರು.

ಖರ್ಚು ಕೇಳುವವರಿಗೆ: ಫ್ಲೆಕ್ಸ್ ಇಲ್ಲ, ಕೈಬರಹದ ಚಾರ್ಟ್. ಲಕೋಟೆ, ಜೆರಾಕ್ಸ್, ನಾಲ್ಕೈದು ಬಿದಿರಿನ ಬುಟ್ಟಿ, ಎಲ್ಲ ಸೇರಿ ಎರಡೂವರೆ ಸಾವಿರ ದಾಟಲಿಲ್ಲ. ಬುಟ್ಟಿ ಬೇರೆ ಬೇರೆ ಅಳತೆಯದ್ದೇ ತನ್ನಿ, ಅದರಲ್ಲಿ ಜಿಪುಣತನ ಬೇಡ. ಮತಪೆಟ್ಟಿಗೆ ಬಿಸ್ಕೆಟ್ ಡಬ್ಬ. ಬೆರಳಿಗೆ ಹಾಕಲು ಮೈಸೂರಿನ ಚುನಾವಣಾ ಶಾಯಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಹತ್ತು ರೂಪಾಯಿಯ ಮೆಹೆಂದಿ ಕೋನ್ ತಂದೆ, ಚೆನ್ನಾಗಿ ಕೂರುತ್ತದೆ. ಒಂದೇ ತೊಂದರೆ. ಮತಗಟ್ಟೆ ಅಧಿಕಾರಿಯಾಗಿ ಕೂರಿಸಿದ್ದ ಹುಡುಗಿ ಬೆರಳಿಗೆ ಗೆರೆ ಎಳೆಯುವ ಬದಲು ಅಂಗೈ ತುಂಬ ಬಳ್ಳಿ ಬಿಡಿಸುತ್ತಾ ಕೂತಳು. ಮತದಾನ ಒಂದೂವರೆ ಗಂಟೆ ತಡವಾಯಿತು.

ಈ ಏಪ್ರಿಲ್‌ಗೆ ಆರನೇ ಪಕ್ಷ ಸೇರುತ್ತಿದೆ, ನಾನು ಮಾಡಿದ್ದಲ್ಲ. ಬುಟ್ಟಿ ಪಕ್ಷದಲ್ಲಿ ಸದಸ್ಯತ್ವ ಸಿಗದ ವಲಸೆ ಕೂಲಿಯವರದ್ದಂತೆ. ಕಳೆದ ವರ್ಷದ ಮೂವರು ಮಕ್ಕಳು ಇನ್‌ಲ್ಯಾಂಡ್ ಲೆಟರಿನಲ್ಲಿ ಅರ್ಜಿ ಕಳಿಸಿದ್ದಾರೆ. ಚಿಹ್ನೆಗೆ ಜರಡಿ ಕೇಳಿದ್ದಾರೆ. ಬಿಡಿಸಿ ನೋಡಿದೆ, ಚಂದ್ರನ ಹಾಗೆ ಕಾಣುತ್ತಿದೆ. ಹುಣ್ಣಿಮೆಯವರು ಸುಮ್ಮನಿರುವುದಿಲ್ಲ.